ಜೀನ್‌ಗಳ ಪಟ್ಟಿ ಸಿಕ್ಕಿದೆ, ಅವುಗಳ ಕೆಲಸ ಪೂರ್ತಿ ಗೊತ್ತಾಗಿಲ್ಲ

"ಗಿಡಗಳ ಜೀನೋಮ್ ಯಾವತ್ತೋ ಓದಿ ಮುಗಿದಿದೆ. ಇಂಧನ ಬೆಳೆಗಳ ಜೀನ್ ಸಂಶೋಧನೆಗೆ ಅಮೆರಿಕ ಇನ್ನೂ ದುಡ್ಡು ಸುರಿಯೋದು ದಂಡ" ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಮೊದಲ ಮಾತು ಅರ್ಧ ಸತ್ಯ. ಎರಡನೆಯದು ತಪ್ಪು.

ಇಂಧನ ಬೆಳೆ ಅಂದರೆ ಎಥನಾಲ್‌ನಂಥ ಇಂಧನ ತಯಾರಿಸಲು ಬೆಳೆಸುವ ಗಿಡ, ಮರ. ಅಂಥದ್ದೇ ಒಂದಾದ ಪಾಪ್ಲರ್ ಮರದ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹ, 2006ರಲ್ಲೇ ಪ್ರಕಟವಾಯಿತು. ಅದರಲ್ಲಿ ಸುಮಾರು 45,000 ಜೀನ್‌ಗಳಿವೆ ಎಂಬ ಅಂದಾಜು ಸಿಕ್ಕಿತು. ಟೆಲಿಫೋನ್ ಡೈರೆಕ್ಟರಿ ಕೈಯಲ್ಲಿದ್ದ ಮಾತ್ರಕ್ಕೆ ಯಾರು ಏನು ಕೆಲಸ ಮಾಡುತ್ತಾರೆ ಅಂತ ಗೊತ್ತಾಗಲ್ಲ, ಅಲ್ವಾ? ಅದೇ ವರ್ಷ ಅಮೆರಿಕದ ಇಂಧನ ಮತ್ತು ಕೃಷಿ ಇಲಾಖೆಗಳು ಜೊತೆಯಾಗಿ ಇಂಧನ ಬೆಳೆಗಳ ಜೀನ್ ಸಂಶೋಧನೆಗೆ ಅನುದಾನ ಕೊಡಲು ಶುರುಮಾಡಿದವು.

ಜೋಳವನ್ನೇ ನೋಡಿ. ಕೆಲವು ಗಿಡಗಳಲ್ಲಿ ಎಲೆಯ ನಡುನರ ಕಂದು ಬಣ್ಣಕ್ಕಿರುತ್ತದೆ. ಲಿಗ್ನಿನ್ ತಯಾರಿಸುವ ಒಂದು ಜೀನ್ ಕೆಟ್ಟಿದೆ ಅನ್ನುವುದರ ಗುರುತು ಅದು. ಲಿಗ್ನಿನ್ ಅಂದರೆ ದಂಟನ್ನು ಗಟ್ಟಿ ಮಾಡುವ ವಸ್ತು. ಅದು ಕಡಿಮೆಯಾದರೆ ದಂಟಿನೊಳಗಿನ ಸಕ್ಕರೆ ಸುಲಭವಾಗಿ ಹೊರಬರುತ್ತದೆ. ಆ ಸಕ್ಕರೆಯಿಂದಲೇ ಎಥನಾಲ್ ಮಾಡುವುದು. ಸ್ವಿಚ್‌ಗ್ರಾಸ್ ಎಂಬ ಹುಲ್ಲಿನಲ್ಲಿ ಇಂಥ ಒಂದು ಜೀನ್‌ನ ಕೆಲಸ ತಗ್ಗಿಸಿದಾಗ ಎಥನಾಲ್ ಇಳುವರಿ ಶೇ. 38ರವರೆಗೆ ಏರಿದ್ದು 2011ರಲ್ಲಿ ವರದಿಯಾಯಿತು. ಹಾಗಂತ ಸಿಕ್ಕಾಪಟ್ಟೆ ತಗ್ಗಿಸಿದರೆ ಗಿಡ ಕುಳ್ಳಾಗಿಬಿಡಬಹುದು! ಯಾವ ಜೀನ್, ಎಷ್ಟು ತಗ್ಗಿಸಬೇಕು ಅನ್ನುವುದನ್ನು ಗಿಡ ಬೆಳೆಸಿ, ಕೊಯ್ದು, ಅಳೆದೇ ತಿಳಿಯಬೇಕು. ಮರವಾದರೆ ಅದಕ್ಕೇ ವರ್ಷಗಟ್ಟಲೆ ಹಿಡಿಯುತ್ತದೆ.