ಕಂಪನಿ ಸಾಹೇಬರ ವಾಕ್ ಸ್ವಾತಂತ್ರ್ಯ

ಅಮೆರಿಕದಲ್ಲಿ ಕಂಪನಿಯೂ ಮನುಷ್ಯನೇ. ಹಸಿವಿಲ್ಲ, ನಿದ್ದೆಯಿಲ್ಲ, ಸಾವೂ ಕಡ್ಡಾಯವಲ್ಲ. ಮಾತಿನ ಚಪಲ ಮಾತ್ರ ವಿಪರೀತ. 2010ರ ಜನವರಿ 21ರಂದು ‘ಸಿಟಿಜನ್ಸ್ ಯುನೈಟೆಡ್’ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತೀರ್ಪು ಕೊಟ್ಟಿತು: ಚುನಾವಣೆಯಲ್ಲಿ ದುಡ್ಡು ಸುರಿಯುವುದೂ ಮಾತಾಡಿದ ಹಾಗೆಯೇ, ಕಂಪನಿಯ ಬಾಯಿಗೆ ಬೀಗ ಹಾಕುವಂತಿಲ್ಲ.

ಕ್ಯಾಲಿಫೋರ್ನಿಯಾದ ಮಹಾನುಭಾವನೊಬ್ಬ 2012ರಲ್ಲಿ ಇದನ್ನು ಪರೀಕ್ಷಿಸಿಯೇ ಬಿಟ್ಟ. ಕಾರಲ್ಲಿ ಇಬ್ಬರಾದರೂ ಇದ್ದರೆ ಮಾತ್ರ ಬಿಡುವ ಲೇನಿನಲ್ಲಿ ಒಬ್ಬನೇ ಹೊರಟು ಪೊಲೀಸರ ಕೈಗೆ ಸಿಕ್ಕ. ಜೊತೆಗಿದ್ದ ಕಂಪನಿ ನೋಂದಣಿ ಕಾಗದ ತೋರಿಸಿ, ಇವರೂ ಒಬ್ಬ ವ್ಯಕ್ತಿಯೇ ಎಂದು ವಾದಿಸಿದ. ಕೋರ್ಟು ಒಪ್ಪಲಿಲ್ಲ. ಚುನಾವಣೆಯಲ್ಲಿ ಮನುಷ್ಯ, ಸೀಟಿನಲ್ಲಿ ಬರೀ ಕಾಗದ.

ಸನ್ನಿವೇಲ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿದು ತೆರಿಗೆ ಕಟ್ಟುವ ನಮ್ಮ ದಾವಣಗೆರೆ ಹುಡುಗ ಅಲ್ಲಿನ ಅಭ್ಯರ್ಥಿಗೆ ಒಂದು ಡಾಲರ್ ಕೊಟ್ಟರೂ ಕಾನೂನುಬಾಹಿರ. ಗ್ರೀನ್ ಕಾರ್ಡ್ ಬರುವ ತನಕ ಜೇಬು ಮುಚ್ಚಿಕೊಂಡಿರಬೇಕು. ಡೆಲವೇರ್‌ನಲ್ಲಿ ನೋಂದಾಯಿಸಿದ ಅವನ ಕಂಪನಿ ಮಾತ್ರ, ಕೇಂದ್ರ ಸರ್ಕಾರದ ಗುತ್ತಿಗೆ ಹಿಡಿದಿಲ್ಲದಿದ್ದರೆ, ಸೂಪರ್ ಪ್ಯಾಕ್‌ಗೆ, ಅಂದರೆ ಅಭ್ಯರ್ಥಿಯಿಂದ ಪ್ರತ್ಯೇಕವಾಗಿ ನಿಂತು ಚುನಾವಣಾ ಪ್ರಚಾರಕ್ಕೆ ದುಡ್ಡು ಸುರಿಯುವ ಸಮಿತಿಗೆ, ಎಷ್ಟು ಬೇಕಾದರೂ ಕೊಡಬಹುದು. ಅಭ್ಯರ್ಥಿಯ ಕೈಗೆ ನೇರವಾಗಿ ಕೊಡುವಂತಿಲ್ಲ, ಅಷ್ಟೇ. ಆ ನಿಷೇಧ 1907ರಿಂದಲೂ ಇದೆ, ಪಾಪ.

ಸೂಪರ್ ಪ್ಯಾಕ್‌ಗೂ ಒಂದು ಮಡಿ ಇದೆ: ಜಾಹೀರಾತಿನ ವಿಷಯದಲ್ಲಿ ಅಭ್ಯರ್ಥಿಯ ಜೊತೆ ಸಮಾಲೋಚನೆ ಮಾಡಕೂಡದು. ಹಾಗಾಗಿ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಅಭ್ಯರ್ಥಿ ತನ್ನ ವೆಬ್‌ಸೈಟಿನ ಮೂಲೆಯಲ್ಲಿ ಕೆಂಪು ಅಂಚಿನ ಚೌಕವೊಂದನ್ನು ಹಾಕಿ, ಮತದಾರರು ಇಂಥದ್ದನ್ನು ‘ನೋಡಬೇಕು’ ಎಂದು ಬರೆಯುತ್ತಾನೆ. ಅಂದರೆ ಟಿವಿ ಜಾಹೀರಾತು ಕೊಡಿ. ‘ಓದಬೇಕು’ ಎಂದರೆ ಮನೆಮನೆಗೆ ಅಂಚೆಯಲ್ಲಿ ಕರಪತ್ರ, ‘ಕೇಳಬೇಕು’ ಎಂದರೆ ರೇಡಿಯೋ, ‘ಓಡಾಡುತ್ತಾ ನೋಡಬೇಕು’ ಎಂದರೆ ಮೊಬೈಲ್. ಜಾಹೀರಾತಿಗೆ ದೃಶ್ಯ ಬೇಕಲ್ಲ? 2014ರಲ್ಲಿ ಸೆನೆಟರ್ ಮಿಚ್ ಮೆಕಾನೆಲ್ ಪ್ರಚಾರ ತಂಡ ಯೂಟ್ಯೂಬ್‌ಗೆ ಒಂದು ವಿಡಿಯೋ ಹಾಕಿತು. ಎರಡು ನಿಮಿಷಕ್ಕೂ ಮಿಗಿಲಾಗಿ ಸಾಹೇಬರು ಒಂದೂ ಮಾತಾಡದೆ ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಾರೆ. ಎತ್ತಿಕೊಳ್ಳುವವರು ಎತ್ತಿಕೊಳ್ಳಲಿ ಎಂದು ಹಾಕಿದ್ದು. ಮಡಿಗೆ ಎಲ್ಲೂ ಭಂಗವಿಲ್ಲ.

ನಮ್ಮಲ್ಲಿ ಚುನಾವಣಾ ಬಾಂಡ್‌ಗೆ 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟೇ ಬೀಗ ಜಡಿಯಿತು. ಅಲ್ಲಿ ಬಾಗಿಲು ತೆಗೆದವರೇ ಕೋರ್ಟಿನವರು; ಅವರೇ ಮನಸ್ಸು ಬದಲಿಸದಿದ್ದರೆ ಸಂವಿಧಾನವನ್ನೇ ತಿದ್ದಬೇಕು. ತಿದ್ದುಪಡಿಗೆ ಪ್ರತಿನಿಧಿ ಸಭೆಯ 435ರಲ್ಲಿ 290, ಸೆನೆಟ್‌ನ 100ರಲ್ಲಿ 67 ಮತ (ಎಲ್ಲರೂ ಹಾಜರಿದ್ದರೆ), ಆಮೇಲೆ 50 ರಾಜ್ಯಗಳಲ್ಲಿ 38ರ ಒಪ್ಪಿಗೆ ಬೇಕು. ಮತ ಹಾಕುವವರು ಯಾರು? ಅದೇ ಸೂಪರ್ ಪ್ಯಾಕ್ ಜಾಹೀರಾತಿನ ಕೃಪೆಯಿಂದ ಗೆದ್ದು ಬಂದವರು.

2012ರಲ್ಲಿ ಮೊಂಟಾನಾ, ಕೊಲೊರಾಡೊ ಮತದಾರರು, ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು, ತಿದ್ದುಪಡಿ ತನ್ನಿ ಎಂದು ಮತ ಒತ್ತಿದರು. ಅದಕ್ಕೆ ಸಲಹೆಯ ಬೆಲೆ ಅಷ್ಟೇ. 2014ರ ಸೆಪ್ಟೆಂಬರ್ 8ರಂದು ಸೆನೆಟ್‌ನಲ್ಲಿ ಇಂಥ ಒಂದು ತಿದ್ದುಪಡಿಯ ಚರ್ಚೆಗೆ 79–18 ಮತದಿಂದ ಒಪ್ಪಿಗೆ ಸಿಕ್ಕಿತು. ಉತ್ಸಾಹ ನೋಡಿ ಬೆರಗಾಗಬೇಡಿ. ವಿರೋಧಿಗಳೂ ಕೈ ಎತ್ತಿದ್ದು ಸದನದ ಸಮಯ ಅದರಲ್ಲೇ ಕರಗಲಿ ಎಂದು. ಮೂರೇ ದಿನಕ್ಕೆ, ಚರ್ಚೆ ಮುಗಿಸಿ ಮುಂದೆ ಹೋಗಲು 60 ಮತ ಬೇಕಿದ್ದಲ್ಲಿ ಸಿಕ್ಕಿದ್ದು 54. ತಿದ್ದುಪಡಿ ಅಲ್ಲೇ ಮಲಗಿತು.

ನಿರಾಶರಾಗಬೇಕಿಲ್ಲ, ಇತ್ತೀಚಿನ 27ನೇ ತಿದ್ದುಪಡಿಯ ಉದಾಹರಣೆ ಇದೆಯಲ್ಲ. ಸಂಸದರು ಸಂಬಳ ಏರಿಸಿಕೊಂಡರೆ ಮುಂದಿನ ಚುನಾವಣೆಯ ತನಕ ಕಾಯಬೇಕು ಎಂಬಷ್ಟೇ ಅದರ ಸಾರ. ರಾಜ್ಯಗಳ ಒಪ್ಪಿಗೆಗೆ ಕಳಿಸಿದ್ದು 1789ರಲ್ಲಿ, ಜಾರಿಯಾದದ್ದು 1992ರಲ್ಲಿ. ಧೂಳು ಹಿಡಿದಿದ್ದ ಅದನ್ನು ಇನ್ನೂ ಅಂಗೀಕರಿಸಬಹುದೆಂದು 1982ರಲ್ಲಿ ಪ್ರಬಂಧ ಬರೆದ ಟೆಕ್ಸಾಸ್‌ನ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಕೊಟ್ಟದ್ದು ಸಿ ಗ್ರೇಡ್. ಅದನ್ನು ತಿದ್ದಿ ಎ ಮಾಡಿದ್ದು 2017ರಲ್ಲಿ. ಅಲ್ಲಿನ ಲೆಕ್ಕಕ್ಕೆ ಶರವೇಗ.