ಧಾರಣೆ ಏರಿದಾಗ ಸಿಗುವ ಉಯಿಲು

ಇ-ಪೌತಿ ಆಂದೋಲನದ ಸುದ್ದಿಯನ್ನು ಎಲ್ಲರೂ ಓದಿದ್ದೀರಿ. ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಇನ್ನೂ ತೀರಿಹೋದವರ ಹೆಸರಿನಲ್ಲೇ ಇವೆಯೆಂದೂ, ಅವನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಗ್ರಾಮ ಆಡಳಿತಾಧಿಕಾರಿಗಳು ಮನೆ ಬಾಗಿಲಿಗೇ ಬರುತ್ತಾರೆಂದೂ ಕಂದಾಯ ಇಲಾಖೆ ಹೇಳಿದಾಗ ಬೆಂಗಳೂರಿನವರು ಬೆಚ್ಚಿಬಿದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯ ನಮಗೆ ಅದರಲ್ಲಿ ಬೆಚ್ಚುವಂಥದ್ದೇನೂ ಕಾಣಲಿಲ್ಲ. ನಮ್ಮ ಕಡೆ ತೀರಿಹೋದವರು ಜಮೀನನ್ನು ಹೆಸರಿನಲ್ಲಿಟ್ಟುಕೊಂಡು ಸುಮ್ಮನೆ ಕೂರುವುದಿಲ್ಲ. ಎಕರೆಯ ಧಾರಣೆ ಎಲ್ಲಿಗೆ ಮುಟ್ಟಿದೆಯೆಂದು ವಿಚಾರಿಸಿಕೊಂಡು, ತಕ್ಕ ಹೊತ್ತು ನೋಡಿ ಉಯಿಲನ್ನೂ ಬರೆದುಕೊಡುತ್ತಾರೆ.

ಧಾರಣೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾವಿರ ಅಡಿ ಕೊರೆಸಿದರೂ ಬರೀ ದೂಳು ಬರುತ್ತಿದ್ದ ಕಾಲದಲ್ಲಿ, ರಾಗಿ ಬಿತ್ತುವುದನ್ನು ಬಿಟ್ಟು ನೀಲಗಿರಿ ನೆಟ್ಟು ಊರು ಬಿಟ್ಟವರು ನಮ್ಮಲ್ಲಿ ಕಡಿಮೆಯಿಲ್ಲ. ಆಗ ಅಣ್ಣತಮ್ಮಂದಿರ ನಡುವೆ ಇದ್ದ ಔದಾರ್ಯವನ್ನು ನೆನೆದರೆ ಕಣ್ಣು ತುಂಬಿಬರುತ್ತದೆ. 'ಆ ಬೀಳು ನಂಗ್ಯಾಕಪ್ಪ, ನೀನೇ ಮಾಡ್ಕೊ' ಎಂದು ಒಬ್ಬನು ಹೇಳಿದರೆ, 'ನಂಗೂ ಬೇಡಣ್ಣ, ಕಂದಾಯ ಕಟ್ಟೋರ್ಯಾರು' ಎಂದು ಇನ್ನೊಬ್ಬನು ಕೈ ಮುಗಿಯುತ್ತಿದ್ದನು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನಗಳು ಇಳಿಯತೊಡಗಿದವು. ಆಮೇಲೆ ನಂದಿಬೆಟ್ಟದ ಸುತ್ತ ಬಡಾವಣೆಗಳ ಬೋರ್ಡುಗಳು ಎದ್ದವು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಜಮೀನು ವಶಪಡಿಸಿಕೊಳ್ಳುವ ಮೊದಲ ಹೆಜ್ಜೆಯಾಗಿ ಅಲ್ಲಲ್ಲಿ 28(1)ರ ಅಧಿಸೂಚನೆ ಹೊರಡಿಸಿತು. ಅಧಿಸೂಚನೆ ಬಂದ ಊರಿನಲ್ಲಿ ಮೊದಲು ತೆರೆದುಕೊಳ್ಳುವುದು ಕಾರ್ಖಾನೆಯಲ್ಲ, ಅಟ್ಟದ ಮೇಲಿನ ಟ್ರಂಕು. ತಾತನ ತಿಥಿಯನ್ನು ವರ್ಷವರ್ಷವೂ ಮಾಡುವಾಗ ಯಾರ ಕಣ್ಣಿಗೂ ಬೀಳದೆ ಇದ್ದ ಆ ಟ್ರಂಕಿನ ತಳದಲ್ಲಿ, ಸಮಸ್ತ ಸ್ವತ್ತನ್ನೂ ಕಿರಿಯ ಮಗನೊಬ್ಬನಿಗೇ ಬಿಟ್ಟುಕೊಟ್ಟ ಉಯಿಲು ಅಚ್ಚುಕಟ್ಟಾಗಿ ಮಡಿಚಿಟ್ಟ ಸ್ಥಿತಿಯಲ್ಲಿ ದೊರೆಯುತ್ತದೆ. ಟ್ರಂಕಿನಲ್ಲಿದ್ದ ಪಂಚೆಯನ್ನು ಜರಡಿ ಮಾಡಿದ ಇಲಿಗಳು, ಕಾನೂನಿನ ಮೇಲಿನ ಗೌರವದಿಂದ, ಉಯಿಲನ್ನು ಮಾತ್ರ ಮುಟ್ಟಿರುವುದಿಲ್ಲ.

ಅಂಥದೊಂದು ಉಯಿಲಿನ ನಕಲನ್ನು ಓದುವ ಭಾಗ್ಯ ನನಗೆ ದೊರೆಯಿತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡಿಕೊಂಡು, ಸೊಸೈಟಿಯ ಸಾಲದ ಪತ್ರಕ್ಕೂ ಎಡಗೈ ಹೆಬ್ಬೆಟ್ಟನ್ನೇ ಒತ್ತಿಕೊಂಡು ಬಂದಿದ್ದ ಆ ಮುದುಕರು, ಕೊನೆಗಾಲದಲ್ಲಿ 'ಪೂರ್ಣ ಪ್ರಜ್ಞೆ ಮತ್ತು ಸ್ವಸ್ಥ ಚಿತ್ತದಿಂದ, ಯಾರೊಬ್ಬರ ಬಲವಂತವಾಗಲಿ ಪ್ರೇರೇಪಣೆಯಾಗಲಿ ಇಲ್ಲದೆ, ನನ್ನ ಮನಃಪೂರ್ವಕವಾಗಿ ಬರೆಯಿಸಿಕೊಟ್ಟ ಮರಣಶಾಸನ ಪತ್ರದ ಕ್ರಮವೇನೆಂದರೆ' ಎಂದು ಆರಂಭಿಸಿ ಎರಡು ಪುಟ ಉಸಿರು ಬಿಡದೆ ಮಾತಾಡಿದ್ದಾರೆ. ಕೆಳಗೆ ಸಹಿಯೂ ಇದೆ. ಸತ್ತ ಮೇಲೆ ಅಕ್ಷರ ಕಲಿತವರ ಸಂಖ್ಯೆಯನ್ನು ಸಾಕ್ಷರತಾ ಆಂದೋಲನದವರು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ದೊಡ್ಡ ಅನ್ಯಾಯ. ಪತ್ರದ ತಾರೀಖು 1999ರದ್ದು. ವಿಳಾಸದಲ್ಲಿ ಮಾತ್ರ 'ಚಿಕ್ಕಬಳ್ಳಾಪುರ ಜಿಲ್ಲೆ' ಎಂದಿದೆ. ಕೋಲಾರದಿಂದ ಬೇರೆಯಾಗಿ ಈ ಜಿಲ್ಲೆ ಹುಟ್ಟಿದ್ದು 2007ರಲ್ಲಿ. ಜಿಲ್ಲೆ ಬೇಕೆಂದು ವರ್ಷಗಟ್ಟಲೆ ಮನವಿ ಕೊಟ್ಟ ಮುಖಂಡರಿಗೂ ತಿಳಿಯದೆ ಇದ್ದ ಸಂಗತಿ ಎಂಟು ವರ್ಷ ಮೊದಲೇ ಆ ತಾತನಿಗೆ ತಿಳಿದಿತ್ತು. ಸಾಕ್ಷಿಯೊಬ್ಬರ ಹೆಸರಿನ ಪಕ್ಕದಲ್ಲಿ ಆಧಾರ್ ಸಂಖ್ಯೆಯನ್ನೂ ನಮೂದಿಸಿದ್ದಾರೆ. ದೇಶದ ಮೊದಲ ಆಧಾರ್ ಕೊಟ್ಟದ್ದು 2010ರಲ್ಲಿ. ಇಂಥ ದೂರದೃಷ್ಟಿಯ ಹಿರಿಯರಿಗೆ, ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳ ಹೆಸರು ಮಾತ್ರ ಹೇಗೆ ಮರೆತುಹೋಯಿತೋ ತಿಳಿಯದು.

ಈ ಉಯಿಲಿಗೆ ಹಳೆಯ ಛಾಪಾ ಕಾಗದವನ್ನು ಬೇರೆ ಎಲ್ಲಿಂದಲೋ ಹುಡುಕಿ ತಂದಿದ್ದಾರೆ. ಉಯಿಲಿಗೆ ಛಾಪಾ ಕಾಗದ ಬೇಕಾಗಿಲ್ಲ, ಬಿಳಿಯ ಹಾಳೆ ಸಾಕು, ನೋಂದಣಿಯೂ ಕಡ್ಡಾಯವಲ್ಲ. ಬೇಕಾಗಿಲ್ಲದ ಕಡೆ ಇಷ್ಟೊಂದು ಶ್ರದ್ಧೆ ತೋರಿಸುವವರು, ಬೇಕಾದ ಕಡೆ ಎಡವುತ್ತಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಇಷ್ಟೇ: ಇಬ್ಬರು ಸಾಕ್ಷಿಗಳಿರಬೇಕು, ಬರೆದುಕೊಡುವವನು ಸಹಿ ಮಾಡಿದ್ದನ್ನು ಅವರು ಕಂಡಿರಬೇಕು ಅಥವಾ ಅದು ತನ್ನದೇ ಸಹಿಯೆಂದು ಅವನ ಬಾಯಿಂದ ಕೇಳಿರಬೇಕು, ಅವನ ಎದುರಿನಲ್ಲಿ ತಾವೂ ಸಹಿ ಮಾಡಿರಬೇಕು. ಅವರಲ್ಲಿ ಒಬ್ಬನಾದರೂ ಬದುಕಿದ್ದರೆ ಕೋರ್ಟಿಗೆ ಬಂದು ಅದನ್ನು ಹೇಳಬೇಕು. ನಮ್ಮ ತಾತನ ಉಯಿಲಿನ ಮೊದಲ ಸಾಕ್ಷಿ ತೀರಿಕೊಂಡಿದ್ದಾನೆ, ಪತ್ರ ಬರೆದು ಬಿಕ್ಕಲಂ ಹಾಕಿದವನೂ ತೀರಿಕೊಂಡಿದ್ದಾನೆ, ಎರಡನೆಯ ಸಾಕ್ಷಿ ಆ ಕಿರಿಯ ಮಗನ ಬಾಮೈದ. 1999ರಲ್ಲಿ ಆ ಬಾಮೈದ ಏಳನೆಯ ತರಗತಿಯಲ್ಲಿದ್ದ ಎಂದು ಅವನ ಶಾಲೆಯ ದಾಖಲೆ ಹೇಳುತ್ತದೆ. ಓದಿನಲ್ಲಿ ಬಹಳ ಚುರುಕಾಗಿದ್ದನಂತೆ.

ಇಂಥ ಪತ್ರಗಳನ್ನು ಹೇಗೆ ನೋಡಬೇಕೆಂದು ಸುಪ್ರೀಂ ಕೋರ್ಟು 1958ರಲ್ಲೇ ಹೇಳಿದೆ, ಅದೂ ನಮ್ಮ ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಪ್ರಕರಣದಲ್ಲಿ. ಉಯಿಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಅದನ್ನು ಬರೆಸಿದ್ದರೆ, ಸಹಿಯಲ್ಲಿ ಅನುಮಾನವಿದ್ದರೆ, ಸಹಜ ವಾರಸುದಾರರನ್ನು ಕಾರಣವಿಲ್ಲದೆ ಕೈಬಿಟ್ಟಿದ್ದರೆ, ಆ ಅನುಮಾನವನ್ನು ನಿವಾರಿಸುವ ಹೊಣೆ ಉಯಿಲನ್ನು ಹಿಡಿದು ಬಂದವನದೇ. ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಅನುಮಾನ ಹೋಗುವುದಿಲ್ಲ. ಪಿತ್ರಾರ್ಜಿತದಲ್ಲಿ ತನ್ನ ಪಾಲಿನಷ್ಟನ್ನು ಮಾತ್ರ ಉಯಿಲು ಮಾಡಬಹುದು, ಮಕ್ಕಳ ಪಾಲನ್ನಲ್ಲ. ಇದೆಲ್ಲ ಉಯಿಲು ಹಿಡಿದು ಬಂದವನಿಗೂ ತಿಳಿದಿದೆ, ಅವನ ವಕೀಲರಿಗಂತೂ ತಿಳಿದೇ ಇದೆ. ಗೆಲ್ಲುವುದಕ್ಕೆಂದು ಯಾರೂ ಇಂಥ ಉಯಿಲನ್ನು ತರುವುದಿಲ್ಲ, ಕಾಯಿಸುವುದಕ್ಕೆ ತರುತ್ತಾರೆ.

ಕಾಯಿಸುವ ವ್ಯವಸ್ಥೆಯನ್ನು ಹೊಗಳದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ಜಂಟಿ ಸ್ವಾಧೀನವಿದೆಯೆಂದು ಹೇಳಿ ಹೂಡುವ ವಿಭಾಗದ ದಾವೆಗೆ, ಸ್ವತ್ತು ಕೋಟಿ ಬಾಳಿದರೂ, ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯ್ದೆ ಕೇಳುವುದು 200 ರೂಪಾಯಿ. ಇನ್ನೂರು ರೂಪಾಯಿಗೆ ಒಂದು ಜೀವಮಾನದ ಕಾಲಕ್ಷೇಪವನ್ನು ಬೇರೆ ಯಾವ ಇಲಾಖೆ ಕೊಟ್ಟೀತು? ಮೊದಲು ಯಾರಿಗೆಷ್ಟು ಪಾಲೆಂದು ಹೇಳುವ ಪ್ರಾಥಮಿಕ ಡಿಕ್ರಿ, ಅದರ ಮೇಲೆ ಅಪೀಲು, ಅದು ಮುಗಿದರೆ ಪಾಲನ್ನು ಅಳೆದು ಕೊಡುವ ಅಂತಿಮ ಡಿಕ್ರಿಯ ಅರ್ಜಿ, ಆಮೇಲೆ ಕೋರ್ಟು ನೇಮಿಸುವ ಕಮಿಷನರು, ಅವರ ಹಿಂದೆ ಸರ್ವೆಯವರು, ಅವರ ವರದಿಗೆ ಆಕ್ಷೇಪಣೆ. ಈ ನಡುವೆ ಒಂದನೇ ಪ್ರತಿವಾದಿ ತೀರಿಕೊಂಡರೆ ಅವರ ಜಾಗಕ್ಕೆ 1(ಎ)ಯಿಂದ 1(ಎಫ್)ವರೆಗೆ ಆರು ಮಂದಿ ವಾರಸುದಾರರು ಬರುತ್ತಾರೆ. ಅವರನ್ನು ತೊಂಬತ್ತು ದಿನದೊಳಗೆ ದಾಖಲೆಗೆ ತರದಿದ್ದರೆ ಅವರ ಮಟ್ಟಿಗೆ ದಾವೆಯೇ ಬಿದ್ದುಹೋಗುತ್ತದೆ. 1(ಬಿ) ತೀರಿಕೊಂಡರೆ ಇನ್ನೊಂದು ಕವಲು. ಯಾವ ಮದುವೆಗೂ ಒಟ್ಟಿಗೆ ಸೇರದ ಈ ಬಂಧುಗಳು ವಾಯಿದೆಯ ದಿನ ಕೋರ್ಟಿನ ಆವರಣದಲ್ಲಿ ಸೇರಿ, ಮೊಮ್ಮಕ್ಕಳ ಪರಿಚಯ ಮಾಡಿಕೊಂಡು, ರೇಷ್ಮೆಗೂಡಿಗೆ ಶಿಡ್ಲಘಟ್ಟದಲ್ಲಿ ಏನು ರೇಟಿದೆ ಎಂದು ಕೇಳಿಕೊಂಡು ಹೋಗುತ್ತಾರೆ. ನಮ್ಮ ಕುಟುಂಬಗಳಲ್ಲಿ ಒಗ್ಗಟ್ಟು ಉಳಿದಿದ್ದರೆ ಅದಕ್ಕೆ ಸಿವಿಲ್ ಕೋರ್ಟೇ ಕಾರಣ.

ವಂಶವೃಕ್ಷದ ವಿಷಯಕ್ಕೆ ಬರೋಣ. ನಾಡಕಚೇರಿಗೆ ಕೊಡುವ ಈ ವೃಕ್ಷದಲ್ಲಿ ಗಂಡು ಕೊಂಬೆಗಳು ಮಾತ್ರ ಚಿಗುರುತ್ತವೆ. ಹೆಣ್ಣುಮಕ್ಕಳನ್ನು ಬರೆದರೆ ಅವರ ಸಹಿಯೂ ಬೇಕಾಗುತ್ತದೆ, ಸಹಿ ಬೇಕೆಂದರೆ ಅವರಿಗೆ ವಿಷಯ ತಿಳಿಯುತ್ತದೆ. ತಿಳಿದುಬಿಟ್ಟರೆ ಹಕ್ಕು ಬಿಡುಗಡೆ ಪತ್ರವಿದೆ, ಅರಿಶಿನ ಕುಂಕುಮಕ್ಕೆಂದು ಕೈಗಿಡುವ ಹಣವಿದೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನಾನು ಕಂಡ ಒಬ್ಬ ಹೆಂಗಸು, ಬೆರಳಚ್ಚಿನ ಯಂತ್ರಕ್ಕೆ ಹೆಬ್ಬೆಟ್ಟು ಕೊಟ್ಟು, ಸೆರಗಿನಲ್ಲಿ ಬೆರಳೊರೆಸಿಕೊಂಡು, ಕ್ಯಾಮೆರಾದ ಕಡೆ ಮುಖ ಮಾಡಿ ನಿಂತಿದ್ದಳು. 'ಹಣ ಮುಟ್ಟಿದೆಯೇನಮ್ಮ?' ಎಂದು ಅಧಿಕಾರಿ ಕೇಳಿದರು. 'ಮುಟ್ಟಿದೆ ಸಾರ್' ಎಂದು ಅವಳ ತಮ್ಮ ಹೇಳಿದನು. ಅಧಿಕಾರಿ ಅವಳ ಮುಖವನ್ನು ನೋಡಲಿಲ್ಲ, ಮುಂದಿನ ಟೋಕನ್ ಕರೆದರು.

ಇದರಲ್ಲಿ ನಗುವಂಥದ್ದು ನನಗೆ ಏನೂ ತೋರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲೇ, ಆವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟಾದ ಮೇಲೂ ಅಕ್ಕತಂಗಿಯರ ಪಾಲನ್ನು ಸುಳ್ಳು ಕಾಗದ ತೋರಿಸಿ ಇಟ್ಟುಕೊಳ್ಳುವುದು ಕಳ್ಳತನ. ಊರಿನ ಹಿರಿಯರು ಅದನ್ನು ಮನೆತನದ ಮರ್ಯಾದೆ ಎನ್ನುತ್ತಾರೆ, ಪಾಲು ಕೇಳಿದವಳನ್ನು ಆಸೆಬುರುಕಿ ಎನ್ನುತ್ತಾರೆ, ಮುಂದಿನ ಹಬ್ಬಕ್ಕೆ ಅವಳನ್ನು ತವರಿಗೆ ಕರೆಯುವುದಿಲ್ಲ. ಕೇಳಿ ಕೇಳಿ ಸಾಕಾಗಿದೆ.

ಉಚಿತ ಕಾನೂನು ನೆರವು ಇದೆಯಲ್ಲ ಎಂದು ನೀವು ಹೇಳಬಹುದು, ಖಂಡಿತವಾಗಿಯೂ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ವರಮಾನ ಎಷ್ಟೇ ಇರಲಿ, ಹೆಣ್ಣುಮಗಳಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನು ಮಾಡಬಹುದು, ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಿ ಬಿಳಿಯ ಹಾಳೆಯಲ್ಲಿ ಅರ್ಜಿ ಕೊಡಬಹುದು. ಆ ತಾತನ ಹಿರಿಯ ಮಗಳು ಹೋದಳು. ವಕೀಲರೂ ಸಿಕ್ಕರು. ಉಯಿಲಿನಲ್ಲಿ ಹುಟ್ಟದ ಜಿಲ್ಲೆಯ ಹೆಸರಿದೆ ಎಂಬುದನ್ನು ಮೊದಲು ಕಂಡುಹಿಡಿದವರೂ ಅವರೇ. ಆದರೆ ಉಯಿಲು ಸುಳ್ಳೆಂದು ತೀರ್ಪಾಗುವ ಹೊತ್ತಿಗೆ ತಾನಿರುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕಿದ ಆಕೆ, ಲೋಕ ಅದಾಲತ್ತಿನಲ್ಲಿ ಐದು ಲಕ್ಷಕ್ಕೆ ರಾಜಿಯಾದಳು. ಪಕ್ಕದ ಸರ್ವೆ ನಂಬರಿನಲ್ಲಿ ಒಂದು ಎಕರೆ ಅದೇ ತಿಂಗಳು ಕೋಟಿ ದಾಟಿತ್ತು. ಐದು ಲಕ್ಷವೂ ಜಾಸ್ತಿಯೇ ಆಯಿತು, ಅಕ್ಕನ ಮುಖ ನೋಡಿ ಒಪ್ಪಿಕೊಂಡೆ ಎಂದು ತಮ್ಮನು ಕೋರ್ಟಿನ ಕ್ಯಾಂಟೀನಿನಲ್ಲಿ ಎಲ್ಲರ ಎದುರು ಹೇಳಿಕೊಳ್ಳುತ್ತಿದ್ದನು. ಅಂದಿನ ಟೀ ದುಡ್ಡನ್ನು ಆಕೆಯೇ ಕೊಟ್ಟಳು.