ತಮ್ಮ ಕಾಲೆತ್ತಿ ತೋರಿಸಿದ ದಿನ

ನನ್ನ ತಮ್ಮ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುವಾಗ ಸಿಲ್ವರ್ ಮರದಿಂದ ಬಿದ್ದು ಈ ಮಾರ್ಚ್‌ಗೆ ಎರಡು ವರ್ಷ ಆಯಿತು. ಬಿದಿರೇಣಿ ಜಾರಿತು, ಬೆನ್ನು ಕಲ್ಲಿನ ಮೇಲೆ ಬಿತ್ತು. ಅವನಿಗೆ ಆಗ 31. ಆಪರೇಷನ್ ಆಯಿತು, ಜೀವ ಉಳಿಯಿತು. ಎಡಗಾಲು ಪೂರ್ತಿ ಸೋತಿದೆ, ಬಲಗಾಲಿನಲ್ಲಿ ಸ್ವಲ್ಪ ಬಲ ಇದೆ. ಇದನ್ನೆಲ್ಲ ಇಲ್ಲಿ ಬರೆಯಲು ಅವನನ್ನು ಕೇಳಿದೆ. "ಬರಿ ಅಕ್ಕ, ಬಾತ್‌ರೂಮಿನ ವಿಷಯಾನೂ ಬರಿ" ಅಂದ. ಯಾಕೆ ಹಾಗಂದ ಅನ್ನೋದು ಮುಂದೆ ಗೊತ್ತಾಗುತ್ತೆ.

ನಮ್ಮದು ಸಕಲೇಶಪುರ ತಾಲೂಕಿನ ಒಂದು ಹಳ್ಳಿ. ನಮ್ಮ ಕಡೆ ಮರದಿಂದ ಬಿದ್ದವರು ಹೊಸಬರಲ್ಲ. ಮರಗಸಿ ಮಾಡುವಾಗ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವಾಗ ಬೀಳುತ್ತಾರೆ, ಮೆಣಸು ಕೊಯ್ಯುವಾಗ ಬೀಳುತ್ತಾರೆ, ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಸಾಯುತ್ತಾರೆ. ಬಿದ್ದ ದಿನ ಇಡೀ ಊರು ಓಡಿ ಬರುತ್ತೆ. ಆಸ್ಪತ್ರೆಗೆ ದುಡ್ಡು ಸೇರಿಸುತ್ತೆ. ಆರು ತಿಂಗಳು ಕಳೆದ ಮೇಲೆ ಆ ಮನೆಯಲ್ಲಿ ಏನಾಗುತ್ತಿದೆ ಅಂತ ಕೇಳೋರು ಕಡಿಮೆ.

ಅಂಗವಿಕಲರ ಸರ್ಟಿಫಿಕೇಟಿಗೆ ನಾವು ಅರ್ಜಿ ಹಾಕಿದ್ದು ಅವನು ಬಿದ್ದು ಹದಿನೈದು ತಿಂಗಳಾದ ಮೇಲೆ. ತಡವಾಗಿದ್ದು ಯಾವ ಕಚೇರಿಯಿಂದಲೂ ಅಲ್ಲ, ನಮ್ಮ ಮನೆಯಿಂದಲೇ. ಅಮ್ಮ ಒಪ್ಪಲಿಲ್ಲ. ಶಿವರಾತ್ರಿಗೆ ಮಗ ಧರ್ಮಸ್ಥಳಕ್ಕೆ ನಡೆದುಕೊಂಡು ಬರ್ತಾನೆ ಅಂತ ಅವಳು ಹರಕೆ ಕಟ್ಟಿಕೊಂಡಿದ್ದಳು. ಒಂದು ಕಡೆ ಹರಕೆ ಕಟ್ಟಿ ಇನ್ನೊಂದು ಕಡೆ ನಡೆಯಲಾರ ಅಂತ ಸರ್ಕಾರಕ್ಕೆ ಬರೆದುಕೊಟ್ಟರೆ ದೇವರು ಏನಂದುಕೊಳ್ತಾನೆ ಅನ್ನೋದು ಅವಳ ಸಂಕಟ. ನೆಂಟರೂ ಅದನ್ನೇ ಹೇಳಿದರು. "ಇನ್ನೂ ಚಿಕ್ಕ ವಯಸ್ಸು, ಈಗಲೇ ಯಾಕೆ ಆ ಸರ್ಟಿಫಿಕೇಟು, ಆಮೇಲೆ ಹೆಣ್ಣು ಕೊಡ್ತಾರಾ?" ತಮ್ಮ ಏನೂ ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ಸರ್ಟಿಫಿಕೇಟ್ ತಗೊಂಡರೆ ಇನ್ನು ಸರಿಯಾಗಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ ಅಂತ ನನಗೂ ಒಳಗೊಳಗೆ ಅನ್ನಿಸುತ್ತಿತ್ತು.

ಈ ಮಾತು ತಪ್ಪು. ಅದನ್ನು ಹೇಳೋಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮಗೆ ಬುದ್ಧಿ ಹೇಳಿದವರು ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಗ್ರಾಮ ಪಂಚಾಯಿತಿಗೆ ಒಬ್ಬರು ಇರುತ್ತಾರೆ. ಅವರೂ ಅಂಗವಿಕಲರೇ. ಎಷ್ಟೋ ಜನಕ್ಕೆ ಇಂಥವರೊಬ್ಬರು ಇದ್ದಾರೆ ಅನ್ನೋದೇ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಜೂನ್ ತಿಂಗಳ ಮಳೆಯಲ್ಲಿ ನಾಲ್ಕು ಚಕ್ರ ಮಾಡಿಸಿದ ಸ್ಕೂಟರ್‌ನಲ್ಲಿ ಮನೆಗೆ ಬಂದರು. ರೇನ್‌ಕೋಟ್ ಬಿಚ್ಚಿ, ಜಗಲಿಯಲ್ಲೇ ಕೂತು, ಅಮ್ಮ ಕೊಟ್ಟ ಕಾಫಿ ಕುಡಿದರು. ಆಮೇಲೆ ಅಮ್ಮನಿಗೆ ಹೇಳಿದರು: "ಅಮ್ಮಾ, ಫಾರಂನಲ್ಲೇ ತಾತ್ಕಾಲಿಕ ಅಂತ ಒಂದು ಜಾಗ ಇದೆ. ಸರಿಯಾಗಬಹುದು ಅನ್ನಿಸಿದರೆ ಡಾಕ್ಟ್ರು ಅದನ್ನೇ ಬರೀತಾರೆ, ಇಷ್ಟು ವರ್ಷ ಬಿಟ್ಟು ಮತ್ತೆ ತೋರಿಸಿ ಅಂತಾರೆ. ನಿಮ್ಮ ಹರಕೆಗೆ ಇದು ಅಡ್ಡ ಬರಲ್ಲ." ಅಮ್ಮ ಒಳಗೆ ಹೋಗಿ ಆಸ್ಪತ್ರೆ ಫೈಲ್ ತಂದು ಅವರ ಕೈಗೆ ಕೊಟ್ಟಳು. ಹದಿನೈದು ತಿಂಗಳು ನಾವ್ಯಾರೂ ಮಾಡಿಸಲಾಗದ ಕೆಲಸ ಅದು.

ಇನ್ನೊಂದು ವಿಷಯವನ್ನೂ ಅವರೇ ಹೇಳಿದರು. ಇಂಥ ನರದ ತೊಂದರೆಗೆ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಅಂದರೆ ಒಂಬತ್ತು ತಿಂಗಳು ನಾವಾಗಿ ಕಳೆದುಕೊಂಡಿದ್ದು. ಸರ್ಟಿಫಿಕೇಟ್ ಇದ್ದರೆ ಅಂಗವಿಕಲರ ಪಿಂಚಣಿ ಸಿಗುತ್ತೆ, ಆ ಹಿಂದಿನ ತಿಂಗಳುಗಳದ್ದು ನಮಗೆ ಬರಲಿಲ್ಲ. ತಿಂಗಳಿಗೆ 800 ಅಂದರೂ 7200 ರೂಪಾಯಿ. ಫಿಸಿಯೋಥೆರಪಿಗೆ ಒಂದು ಸಲಕ್ಕೆ 300 ಕೊಡುತ್ತಿದ್ದೆವು. ಇಪ್ಪತ್ನಾಲ್ಕು ಸಲ ಹೋಗಬಹುದಿತ್ತು. ದುಡ್ಡಿಲ್ಲ ಅಂತ ಆ ಮಳೆಗಾಲದಲ್ಲಿ ಫಿಸಿಯೋಥೆರಪಿ ನಿಲ್ಲಿಸಿದ್ದೆವು.

ಅರ್ಜಿ ಹಾಕೋದು ಆನ್‌ಲೈನ್‌ನಲ್ಲಿ. ಯುಡಿಐಡಿ ಕಾರ್ಡ್ ಅಂತಾರೆ, ಅಂಗವಿಕಲರ ಗುರುತಿನ ಚೀಟಿ. 2021ರ ಜೂನ್‌ನಿಂದ ಸರ್ಟಿಫಿಕೇಟ್ ಆ ಪೋರ್ಟಲ್ ಮೂಲಕವೇ. ಆಧಾರ್, ಫೋಟೋ, ವಿಳಾಸದ ದಾಖಲೆ ಇದ್ದರೆ ಅರ್ಧ ಗಂಟೆ ಕೆಲಸ. ಆಮೇಲೆ ಮೆಡಿಕಲ್ ಬೋರ್ಡ್ ಮುಂದೆ, ಅಂದರೆ ಅಂಗವಿಕಲತೆ ಶೇಕಡಾ ಎಷ್ಟು ಅಂತ ಪರೀಕ್ಷೆ ಮಾಡಿ ಬರೆಯುವ ಡಾಕ್ಟರುಗಳ ಮುಂದೆ ಹೋಗಬೇಕು. ಕಾರು ಮಾಡಿಕೊಂಡು, ಹಿಂದಿನ ಸೀಟಿನಲ್ಲಿ ಅವನ ಕಾಲು ಚಾಚಿ, ದಿಂಬು ಇಟ್ಟು ಕರೆದುಕೊಂಡು ಹೋದೆವು. ಬಾಳ್ಳುಪೇಟೆ ದಾಟುವಷ್ಟರಲ್ಲಿ ಬೆನ್ನು ನೋವು ಶುರುವಾಗಿ ಎರಡು ಸಲ ನಿಲ್ಲಿಸಿದೆವು.

ಆ ಕೋಣೆಯಲ್ಲಿ ನಡೆದಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡಾಕ್ಟರ್ ಒಳ್ಳೆಯವರೇ. ಅವನನ್ನು ಮಲಗಿಸಿ "ಬಲಗಾಲು ಎತ್ತಪ್ಪಾ" ಅಂದರು. ನನ್ನ ತಮ್ಮ ಹಲ್ಲು ಕಚ್ಚಿ ಎತ್ತಿದ. ಫಿಸಿಯೋಥೆರಪಿಯಲ್ಲಿ ವರ್ಷವಿಡೀ ಅದನ್ನೇ ಕಲಿತಿದ್ದ. ಅಲ್ಲಿ ಒಂದಿಂಚು ಜಾಸ್ತಿ ಎತ್ತಿದರೆ "ಭೇಷ್" ಅನ್ನುತ್ತಿದ್ದರು. ಇಲ್ಲೂ ಹಾಗೇ ತೋರಿಸಿದ. ಹಣೆಯಲ್ಲಿ ಬೆವರು, ಕೈಯಲ್ಲಿ ಮಂಚದ ಕಂಬಿ ಹಿಡಿದಿದ್ದಾನೆ, ಕಾಲು ನಡುಗುತ್ತಾ ಮೇಲೆ ಬಂತು. ನನ್ನ ಕಡೆ ತಿರುಗಿ ನಕ್ಕ. ಡಾಕ್ಟರ್ ಬರೆದುಕೊಂಡರು. ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುತ್ತಾರಂತೆ. ಬಲ ಜಾಸ್ತಿ ಕಂಡಷ್ಟೂ ಅಂಗವಿಕಲತೆಯ ಶೇಕಡಾ ಕಡಿಮೆಯಾಗುತ್ತೆ. ಅವನು ಎತ್ತಿದ್ದು ಅಲ್ಲಿ ಅಂಕೆಯಾಗಿ ಹೋಯಿತು. ಆ ಕಾಲು ದಿನಕ್ಕೆ ಎರಡು ಸಲ ಮಾತ್ರ ಹಾಗೆ ಏಳುತ್ತೆ, ಎದ್ದ ಮೇಲೆ ಒಂದು ಗಂಟೆ ಸೆಳೆಯುತ್ತೆ ಅನ್ನೋದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

"ಮೂತ್ರಕ್ಕೆ ತೊಂದರೆ ಇದೆಯಾ?" ಅಂತಲೂ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಚೆ ಇಬ್ಬರು ಹುಡುಗಿಯರು, ಕಲಿಯೋ ಡಾಕ್ಟರುಗಳಿರಬೇಕು. "ಏನಿಲ್ಲ ಸಾರ್" ಅಂದ. ದಿನಕ್ಕೆ ನಾಲ್ಕು ಸಲ ಟ್ಯೂಬ್ ಹಾಕಿಕೊಳ್ಳುವ ಹುಡುಗ "ಏನಿಲ್ಲ ಸಾರ್" ಅಂದ. ಅಂಗವಿಕಲತೆ ಅಳೆಯುವ ಸರ್ಕಾರದ ಮಾರ್ಗಸೂಚಿಯಲ್ಲಿ ಅದಕ್ಕೂ ಬೇರೆ ಲೆಕ್ಕ ಇದೆ ಅಂತ ನಮಗೆ ಗೊತ್ತಾಗಿದ್ದು ಆಮೇಲೆ.

ಸರ್ಟಿಫಿಕೇಟ್‌ನಲ್ಲಿ ಶೇ. 70 ಅಂತ ಬಂತು. ಹಳದಿ ಕಾರ್ಡ್. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. ಪಿಂಚಣಿಯ ಗೆರೆ ಬೇರೆ ಇದೆ. ನಮಗೆ ಮಂಜೂರಾದಾಗ ಶೇ. 40ರಿಂದ 74 ಇದ್ದವರಿಗೆ ತಿಂಗಳಿಗೆ 800 ರೂಪಾಯಿ, 75 ಮತ್ತು ಮೇಲಿದ್ದವರಿಗೆ 1400. ಐದು ಅಂಕದಲ್ಲಿ ತಿಂಗಳಿಗೆ 600 ರೂಪಾಯಿ ಹೋಯಿತು. ನಾನು ಡಾಕ್ಟರನ್ನು ದೂರಲ್ಲ. ಅವರು ಕಂಡಿದ್ದನ್ನು ಬರೆದರು. ಆದರೆ ಕಾಣದ್ದನ್ನು ಹೇಳೋಕೆ ಒಂದು ಪರದೆ ಬೇಕಿತ್ತು, ಐದು ನಿಮಿಷ ಬೇಕಿತ್ತು. "ನೀವು ಹೊರಗೆ ಇರಿ ಅಮ್ಮಾ" ಅಂತ ನನ್ನನ್ನು ಕಳಿಸುವ ಒಬ್ಬರು ಬೇಕಿತ್ತು. ಪ್ರತಿ ಬೋರ್ಡ್‌ನಲ್ಲೂ ಇಷ್ಟು ಮಾಡಲೇಬೇಕು ಅಂತ ನಾನು ಕೇಳುತ್ತೇನೆ. ಇದಕ್ಕೆ ಬಜೆಟ್ ಬೇಡ.

ಈ ತೀರ್ಮಾನದ ಮೇಲೆ 90 ದಿನದ ಒಳಗೆ ಮೇಲ್ಮನವಿ ಹಾಕಬಹುದು, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ನಿಯಮದಲ್ಲೇ ಇದೆ. ನಾವು ಎಂಬತ್ತನೇ ದಿನ ಹಾಕಿದೆವು. ಡಿಸ್ಚಾರ್ಜ್ ಸಮ್ಮರಿ, ಟ್ಯೂಬ್ ತಗೊಂಡ ಬಿಲ್‌ಗಳು, ಫಿಸಿಯೋಥೆರಪಿಯವರ ಪತ್ರ ಎಲ್ಲ ಇಟ್ಟಿದ್ದೇವೆ. ಇನ್ನೂ ಕರೆದಿಲ್ಲ.

ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದು, ಆಧಾರ್ ಜೋಡಣೆಗೆ ಬ್ಯಾಂಕಿಗೆ ಅಲೆದಿದ್ದು ನಿಮಗೆಲ್ಲ ಗೊತ್ತಿರೋ ಕಥೆಯೇ. ಆ ಅಲೆದಾಟದಲ್ಲಿ ಒಂದು ಒಳ್ಳೆಯದಾಯಿತು. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ವರ್ಷಕ್ಕೊಮ್ಮೆ 20 ರೂಪಾಯಿ ಕಟ್ ಆಗಿದ್ದು ಕಂಡಿತು. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಒಂದು ಕಾಲೋ ಒಂದು ಕೈಯೋ ಪೂರ್ತಿ ಬಾರದ ಹಾಗೆ ಹೋದರೆ ಒಂದು ಲಕ್ಷ, ಎರಡೂ ಹೋದರೆ ಎರಡು ಲಕ್ಷ. 30 ದಿನದೊಳಗೆ ತಿಳಿಸಬೇಕು ಅಂತಾರೆ. ನಾವು ತಿಳಿಸಿದ್ದು ವರ್ಷ ಕಳೆದ ಮೇಲೆ. ಅರ್ಜಿ ಇನ್ನೂ ಬ್ಯಾಂಕಿನಲ್ಲೇ ಇದೆ. ನಿಮ್ಮ ಮನೆಯ ಪಾಸ್‌ಬುಕ್ ದಯವಿಟ್ಟು ಇವತ್ತೇ ನೋಡಿ. ಮರ ಹತ್ತುವವರಿದ್ದರೆ ಇನ್ನೂ ಬೇಗ ನೋಡಿ.

ಮೆಣಸು ಗುತ್ತಿಗೆ ಹಿಡಿದವರು ಮೊದಲ ಆಸ್ಪತ್ರೆ ಬಿಲ್ ಕಟ್ಟಿ "ನೋಡ್ಕೋತೀವಿ" ಅಂದಿದ್ದರು. ಕೆಲಸ ಮಾಡುವಾಗ ಬಿದ್ದವರಿಗೆ ಪರಿಹಾರ ಕೊಡಬೇಕು ಅಂತ 1923ರಲ್ಲೇ ಕಾನೂನು ಬಂದಿದೆ. ಆದರೆ ಅವನು ಅಲ್ಲಿ ಕೆಲಸಕ್ಕಿದ್ದ ಅನ್ನೋದಕ್ಕೆ ನಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಬರೆದರೆ ಸಿಟ್ಟಿನಲ್ಲಿ ಬರೆಯುತ್ತೇನೆ.

ಬಸ್ ಪಾಸ್ ಆಗಿದೆ. ವರ್ಷಕ್ಕೆ 660 ಕಟ್ಟಿದರೆ ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಕೋಲು ಹಿಡಿದು ಬಸ್ಸಿನ ಮೊದಲ ಮೆಟ್ಟಿಲು ಹತ್ತೋದು ಅವನಿಗೆ ಇನ್ನೂ ಆಗಿಲ್ಲ. ಪಾಸ್ ಮಾತ್ರ ಅಂಗಿ ಜೇಬಿನಲ್ಲೇ ಇಟ್ಟುಕೊಂಡಿರುತ್ತಾನೆ. ಸರ್ಟಿಫಿಕೇಟ್ ತಗೊಂಡ ಮೇಲೆ ಅವನು ಸೋತು ಕೂರ್ತಾನೆ ಅಂತ ನಾವು ಹೆದರಿದ್ದೆವು. ಮೊದಲ 800 ಬಂದ ವಾರವೇ ಫಿಸಿಯೋಥೆರಪಿ ಮತ್ತೆ ಶುರು ಮಾಡಿದ.

ಹೋದ ವಾರ ಹೆತ್ತೂರು ಕಡೆಯ ಒಬ್ಬ ಹೆಂಗಸು ನನಗೆ ಫೋನ್ ಮಾಡಿದ್ದರು. ಗಂಡನಿಗೆ ಸ್ಟ್ರೋಕ್ ಆಗಿ ಎಂಟು ತಿಂಗಳು. "ಇನ್ನೂ ಸ್ವಲ್ಪ ದಿನ ನೋಡೋಣ ಅಂತಾರೆ ನಮ್ಮೆಜಮಾನ್ರು" ಅಂದರು. ನಾನು ಉತ್ತರ ಕೊಡುವ ಮೊದಲೇ ತಮ್ಮ ಫೋನ್ ಕಿತ್ತುಕೊಂಡ. ಅವರ ಯಜಮಾನರಿಗೇ ಕೊಡಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದ. ಜಗಲಿಯಿಂದ ಅವನ ಮಾತು ಕೇಳಿಸುತ್ತಿತ್ತು. "ವ್ಯಾಯಾಮ ಬಿಡಬೇಡಿ ಅಣ್ಣ. ಕೈ ಎಷ್ಟು ಎತ್ತೋಕಾಗುತ್ತೋ ಅಷ್ಟೂ ಎತ್ತಿ, ಡಾಕ್ಟ್ರಿಗೂ ತೋರಿಸಿ. ಆದರೆ ಶರ್ಟ್ ಗುಂಡಿ ಯಾರು ಹಾಕ್ತಾರೆ, ಸ್ನಾನ ಯಾರು ಮಾಡಿಸ್ತಾರೆ, ಅದನ್ನೂ ಹೇಳಿ. ಅತ್ತಿಗೆ ಇದ್ದರೆ ನಾಚಿಕೆ ಆಗುತ್ತೆ, ಅವರನ್ನ ಹೊರಗೆ ಕಳಿಸಿ. ನಾನು ಹೇಳಲಿಲ್ಲ ಅಣ್ಣ, ನೀವು ಹೇಳಿ."